ಬೋನಿನ ಮೇಕೆ ಕೂಗುತ್ತಿದ್ದ ವರ್ಷ

ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿತ್ತು. ಹೊಸಿಲ ಮುಂದೆ ಎರಡು ಜೊತೆ ಪುಟ್ಟ ಚಪ್ಪಲಿ ಇದ್ದವು.

"ಯಾರೂ ಇಲ್ಲ ಕನ ಮೇಡಂ, ಬೀಗ ಅದಲ್ಲ. ಬನ್ನಿ ಓಗವ," ಎಂದರು ನಿಂಗಮ್ಮ. ಅವರು ನಮ್ಮ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವರು. ಕೌದಳ್ಳಿಯಿಂದ ಒಳಕ್ಕಿರುವ ಈ ಊರಿನಲ್ಲಿ ಯಾರ ಮನೆಯ ಒಲೆಯ ಮೇಲೆ ಏನಿದೆ ಎಂದು ಕೂತಲ್ಲೇ ಹೇಳಬಲ್ಲರು. ಆದರೆ ಚಪ್ಪಲಿಯನ್ನು ಅವರು ನೋಡಲಿಲ್ಲ. ಮೂರನೇ ತರಗತಿಯ ಸಿಂಚನ ಶಾಲೆಗೆ ಬಾರದೆ ಮೂರು ವಾರವಾಗಿತ್ತು. ಅವಳನ್ನು ಹುಡುಕಿಕೊಂಡೇ ನಾವು ಬಂದಿದ್ದು. ಅವಳಿಗೊಬ್ಬ ತಮ್ಮ, ಎರಡು ತುಂಬಿದೆಯೋ ಇಲ್ಲವೋ. ತಾಯಿ ಕೂಲಿಗೆ ಹೋಗುತ್ತಾಳೆ.

ಪಕ್ಕದ ಹಿತ್ತಲಿನಲ್ಲಿ ಯಾರೋ ಅರಿಶಿನ ಬೇಯಿಸುತ್ತಿದ್ದರು. ಕೊಪ್ಪರಿಗೆಯ ಹಬೆ ಗಾಳಿಗೆ ನಮ್ಮ ಕಡೆ ತಿರುಗಿದಾಗ ಆ ವಾಸನೆ ನೇರ ಗಂಟಲಿಗೇ ಇಳಿಯಿತು. ಅಂಗಡಿಯ ಅರಿಶಿನದ ಪುಡಿಯ ವಾಸನೆಯಲ್ಲ. ಮಣ್ಣು ಬಿಡದ ಹಸಿ ಕೊಂಬಿನ, ಸ್ವಲ್ಪ ಕಹಿಯಾದ ವಾಸನೆ. ಅಲ್ಲೇ ಜಗಲಿಯ ಮೇಲೆ ಕೂತುಬಿಟ್ಟೆ.

"ನೀವು ನಡೀರಿ ನಿಂಗಮ್ಮ, ಮಕ್ಕಳಿಗೆ ಬಡಿಸೋ ಹೊತ್ತಾಯ್ತು. ನಾನು ಆಮೇಲೆ ಬರ್ತೀನಿ," ಎಂದೆ.

"ಬಿಸ್ಲಲ್ಲಿ ಕುಂತ್ಕಂಡು ಏನ್ ಮಾಡೀರಿ? ಅವ್ರವ್ವ ಬರಾದು ವತ್ತು ಮುಳುಗುದ್ ಮ್ಯಾಲೆ," ಎಂದು ಗೊಣಗುತ್ತಾ ಅವರು ಹೋದರು.

ಅದನ್ನು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ನಾನೂ ಆಗ ಮೂರನೇ ಕ್ಲಾಸು. ಲೊಕ್ಕನಹಳ್ಳಿಯ ಆಚೆ ನಮ್ಮೂರು, ಊರಿನಿಂದ ಕೂಗಳತೆ ದೂರದಲ್ಲಿ ನಮ್ಮ ಮನೆ. ಅಪ್ಪ ತಮಿಳುನಾಡಿನ ಕಡೆ ಕಲ್ಲು ಕ್ವಾರಿಯಲ್ಲಿದ್ದ, ಹಬ್ಬಕ್ಕೊಮ್ಮೆ ಬರುತ್ತಿದ್ದ. ಆ ವರ್ಷ ಗೌರಿಹಬ್ಬ ಕಳೆದು ವಾರಕ್ಕೆ ಅಜ್ಜಿ ತೀರಿಕೊಂಡಳು. ನನ್ನ ತಂಗಿ ಗೌರಿಯನ್ನು ಹುಟ್ಟಿದಾಗಿನಿಂದ ಸೊಂಟದಿಂದ ಇಳಿಸದೆ ಸಾಕಿದವಳು ಅಜ್ಜಿಯೇ. ಗೌರಿಗೆ ಆಗ ಎರಡೂವರೆ. ಮಾತು ಆಗಷ್ಟೇ ಹತ್ತಿತ್ತು. ಅವ್ವ, ಅಕ್ಕ, ಅಜ್ಜಿ, ಕೋಳಿಗೆ ಕೊಕ್ಕೊ, ಯಾವುದು ಬೇಡವೋ ಅದಕ್ಕೆಲ್ಲ 'ಒಲ್ಲೆ'. ಬೆಳಗಾದರೆ ಇಷ್ಟನ್ನೇ ಹಿಂದುಮುಂದಾಗಿ ಹೇಳಿಕೊಂಡು ಮನೆಯೆಲ್ಲ ಓಡಾಡುತ್ತಿದ್ದಳು. ಮೂರು ತುಂಬದೆ ಅಂಗನವಾಡಿಗೆ ಸೇರಿಸುವಂತಿರಲಿಲ್ಲ. ಹಾಗಾಗಿ ಅವಳನ್ನು ನಾನು ನೋಡಿಕೊಳ್ಳುವುದು ಎಂದಾಯಿತು. ಯಾರೂ ಕೂತು ಮಾತಾಡಿ ತೀರ್ಮಾನಿಸಲಿಲ್ಲ. ಒಂದು ಸೋಮವಾರ ನನ್ನ ಬ್ಯಾಗು ಗೋಡೆಯ ಮೊಳೆಯಲ್ಲೇ ಉಳಿಯಿತು, ಅಷ್ಟೆ.

ಮೊದಮೊದಲು ಬಾಗಿಲು ತೆರೆದೇ ಇರುತ್ತಿತ್ತು. ಗೌರಿಯನ್ನು ಕಂಕುಳಲ್ಲಿ ಎತ್ತಿಕೊಂಡು ಹೊಲದ ಬದುವಿನ ಮೇಲೆ ಅಲೆಯುತ್ತಿದ್ದೆ. ಶಾಲೆಯಿಲ್ಲ ಎಂದು ಒಳಗೊಳಗೇ ಖುಷಿಯೂ ಇತ್ತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಚಿರತೆ ಬಂತು. ಪಕ್ಕದ ಜಮೀನಿನವರ ನಾಯಿಯನ್ನು ಹಾಡಹಗಲೇ ಜಗಲಿಯಿಂದ ಹೊತ್ತುಕೊಂಡು ಹೋಯಿತು. ಫಾರೆಸ್ಟಿನವರು ಬಂದು ನಮ್ಮ ಮನೆಯ ಹಿಂದಿನ ಹಳ್ಳದ ದಾರಿಯಲ್ಲಿ ಬೋನು ಇಟ್ಟರು. ಆಳುದ್ದದ ಕಬ್ಬಿಣದ ಬೋನು. ಅದರ ಹಿಂಭಾಗದಲ್ಲಿ ಕಂಬಿ ಹಾಕಿ ಬೇರೆ ಮಾಡಿದ ಚಿಕ್ಕ ಖಾನೆ, ಆ ಖಾನೆಯಲ್ಲಿ ಒಂದು ಕರಿ ಮೇಕೆ. ನಾನು ಗೌರಿಯನ್ನು ಎತ್ತಿಕೊಂಡು ನೋಡಲು ಹೋಗಿದ್ದೆ. ಅಲ್ಲಿ ಕಾವಲಿಗಿದ್ದ ಫಾರೆಸ್ಟಿನ ವಾಚರಣ್ಣನನ್ನು, ಮೇಕೆ ಯಾಕೆ ಎಂದು ಕೇಳಿದೆ.

"ಅದು ಕೂಗ್ತದ ಕಣ್ ಮಗ. ಕೂಗುದ್ರ ಚಿರತೆಗ ಕೇಳ್ತದ, ಬತ್ತದ."

"ಕೂಗ್ದಿದ್ರ?"

"ಕೂಗ್ದಿದ್ರ ಯಾಕ್ ಬತ್ತದ? ಇಲ್ಲೊಂದು ಜೀವ ಅದ ಅಂತ ಅದ್ಕ ಎಂಗ್ ಗೊತ್ತಾಗ್ಬೇಕು?"

ಅವನು ಹೇಳಿದ್ದು ಅಷ್ಟೇ. ಪಾಪ, ಮಗು ಕೇಳಿದ್ದಕ್ಕೆ ನಿಜ ಹೇಳಿದ. ನಾನು ಆ ನಿಜವನ್ನು ಮನೆಗೆ ಕೊಂಡುಬಂದೆ.

ಮಾರನೆಯ ದಿನದಿಂದ ಅವ್ವ ಹೊರಗಿನಿಂದ ಬೀಗ ಹಾಕತೊಡಗಿದಳು. ಬೆಳಕು ಹರಿಯುವ ಮುಂಚೆ ರಸ್ತೆಗೆ ಟೆಂಪೋ ಬರುತ್ತಿತ್ತು. ಯಳಂದೂರಿನ ಕಡೆ ಗದ್ದೆ ಕೊಯ್ಲು, ಅದು ಮುಗಿದರೆ ಕಬ್ಬು, ಆಮೇಲೆ ಕೊಳ್ಳೇಗಾಲದ ಸುತ್ತ ಅರಿಶಿನ ಕೀಳುವುದು. ಹೆಂಗಸರನ್ನೆಲ್ಲ ತುಂಬಿಕೊಂಡು ಹೋದ ಟೆಂಪೋ ಮರಳುವುದು ಹೊತ್ತು ಮುಳುಗಿದ ಮೇಲೆ. ಬೀಗದ ಕೈಯನ್ನು ಅವ್ವ ತಾಳಿಯ ದಾರಕ್ಕೆ ಕಟ್ಟಿಕೊಳ್ಳುತ್ತಿದ್ದಳು. ಯಾರ ಕೈಗೂ ಕೊಡುತ್ತಿರಲಿಲ್ಲ.

"ನೋಡವ್ವ, ಯಾರ್ ಕೂಗುದ್ರೂವೆ ಓ ಅನ್ಬ್ಯಾಡ. ಒಳ್ಗ ಇದ್ದೀವಿ ಅಂತ ಯಾರ್ಗೂ ಗೊತ್ತಾಗ್ಕೂಡ್ದು. ಮಗೀನ್ ಕೈ ಬುಡ್ಬ್ಯಾಡ," ಎಂದಳು ಮೊದಲ ದಿನ. ಅವಳಿಗೆ ಚಿರತೆಯ ಭಯ ಒಂದೇ ಇರಲಿಲ್ಲ ಎಂದು ಈಗ ಅರ್ಥವಾಗುತ್ತದೆ. ಗಂಡಸಿಲ್ಲದ ಒಂಟಿ ಮನೆಯಲ್ಲಿ ಎರಡು ಹೆಣ್ಣುಮಕ್ಕಳು. ಆಗ ನನಗೆ ಚಿರತೆ ಮಾತ್ರ ಅರ್ಥವಾಗಿತ್ತು.

ಒಂದೇ ಕೋಣೆ. ಕಿಟಕಿಯಿದ್ದ ಜಾಗವನ್ನು ಅಪ್ಪ ಯಾವಾಗಲೋ ಹಲಗೆ ಹೊಡೆದು ಮುಚ್ಚಿದ್ದ. ಒರಳುಕಲ್ಲು, ರಾಗಿಯ ಗುಡಾಣ, ಮೂಲೆಯಲ್ಲಿ ಬೂದಿ ಹಾಕಿದ ಬಾಂಡಲಿ. ಆ ಬಾಂಡಲಿಯೇ ನಮ್ಮ ಕಕ್ಕಸು. ಬೋಸಿಯಲ್ಲಿ ಎರಡು ಮುದ್ದೆ, ಸಾರು, ಒಂದು ಕೊಡ ನೀರು. ಮಾಡಿನಲ್ಲಿ ಒಂದೇ ಒಂದು ಗಾಜಿನ ಹೆಂಚು. ಅದರಿಂದ ಚಪಾತಿಯಗಲದ ಬಿಸಿಲು ಒಳಗೆ ಬೀಳುತ್ತಿತ್ತು. ಬೆಳಿಗ್ಗೆ ಒಂದು ಗೋಡೆಯ ಮೇಲೆ ಕಾಣಿಸಿಕೊಂಡು, ನಿಧಾನವಾಗಿ ಇಳಿದು, ನೆಲ ದಾಟಿ, ಎದುರಿನ ಗೋಡೆ ಹತ್ತಿ ಮಾಯವಾಗುತ್ತಿತ್ತು. ಮಾಯವಾದ ಮೇಲೆ ಇನ್ನೂ ತುಂಬ ಹೊತ್ತಿಗೆ ಅವ್ವ ಬರುತ್ತಿದ್ದಳು. ಆ ಹೊತ್ತೇ ಬಹಳ ಕಷ್ಟ. ಇದ್ದಲಿನ ಚೂರಿನಿಂದ ನೆಲದ ಮೇಲೆ ಗೆರೆ ಎಳೆದು, ಬಿಸಿಲು ಈ ಗೆರೆಗೆ ಬಂದಾಗ ಉಣ್ಣುವುದು, ಆ ಗೆರೆಗೆ ಬಂದಾಗ ನೀರು ಕುಡಿಯುವುದು ಎಂದು ಮಾಡಿಕೊಂಡೆ. ಇಲ್ಲದಿದ್ದರೆ ಗೌರಿ ಬೆಳಿಗ್ಗೆಯೇ ಎಲ್ಲ ತಿಂದು ಮುಗಿಸುತ್ತಿದ್ದಳು. ಹಸಿವು ನನಗೂ ಕಡಿಮೆಯಿರಲಿಲ್ಲ.

ಹಿಂದಿನಿಂದ ಮೇಕೆ ಕೂಗುತ್ತಿತ್ತು. ಇಡೀ ದಿನ ಕೂಗುತ್ತಿತ್ತು. ಅದಕ್ಕೆ ವಾಚರಣ್ಣ ಎರಡು ಹೊತ್ತು ಸೊಪ್ಪು ತರುತ್ತಿದ್ದ, ಸಂಜೆ ಹೊರಗೆ ಬಿಟ್ಟು ಮೇಯಿಸುತ್ತಿದ್ದ. ಅವನು ಅದರ ಜೊತೆ ಮಾತಾಡುವುದೂ ನಮಗೆ ಕೇಳುತ್ತಿತ್ತು. ನಮ್ಮನ್ನು ಸಂಜೆ ಹೊರಗೆ ಬಿಡುವವರಿರಲಿಲ್ಲ. ಆ ಮೇಕೆಯ ಮೇಲೆ ನನಗೆ ಎಷ್ಟು ಹೊಟ್ಟೆಕಿಚ್ಚಿತ್ತೆಂದರೆ, ಚಿರತೆ ಬೇಗ ಬಂದು ಅದನ್ನು ತಿಂದುಬಿಡಲಿ ಎಂದುಕೊಳ್ಳುತ್ತಿದ್ದೆ.

ಆದರೆ ಗೌರಿಗೆ ಮೇಕೆ ಕೂಗಿದರೆ ಸಂತೋಷ. ಅದು 'ಮೇ' ಎಂದರೆ ಇವಳೂ 'ಮೇ' ಎನ್ನುವಳು. ಮೊದಲ ಸಲ ಹಾಗೆಂದಾಗ ಓಡಿಹೋಗಿ ಅವಳನ್ನು ಹಿಡಿದುಕೊಂಡೆ. ಅಂಗೈಯಿಂದ ಅವಳ ಬಾಯಿ ಮುಚ್ಚಿ, "ಕೂಗ್ಬ್ಯಾಡ ಕನೆ, ಬತ್ತದ," ಎಂದೆ. ಅವಳು ಅತ್ತಳು. ಅಳುವೂ ಸದ್ದೇ ತಾನೇ, ಇನ್ನೂ ಬಿಗಿಯಾಗಿ ಮುಚ್ಚಿದೆ. ಅಕ್ಕ ಎಂದರೂ ಮುಚ್ಚಿದೆ, ಅವ್ವ ಎಂದರೂ ಮುಚ್ಚಿದೆ. ಮಕ್ಕಳು ಬೇಗ ಕಲಿಯುತ್ತವೆ. ದೀಪಾವಳಿ ಬರುವ ಹೊತ್ತಿಗೆ ನಾನು ಕೈ ಎತ್ತಿದರೆ ಸಾಕು, ಗೌರಿ ಬಾಯಿ ಮುಚ್ಚುತ್ತಿದ್ದಳು. ಆಮೇಲಾಮೇಲೆ ಕೈ ಎತ್ತುವ ಕೆಲಸವೂ ಇರಲಿಲ್ಲ. ನನ್ನ ತಂಗಿ ಎಷ್ಟು ಜಾಣೆ ಎಂದು ನಾನು ಹೆಮ್ಮೆಪಟ್ಟೆ. ಸಂಜೆ ಅವ್ವನೂ, "ಗಲಾಟೆ ಮಾಡ್ದೆ ಇದ್ಲಾ? ನನ್ ಬಂಗಾರ," ಎಂದು ಅವಳನ್ನು ಮುದ್ದಿಸುತ್ತಿದ್ದಳು.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಯಾರೋ ಬಾಗಿಲು ತಟ್ಟಿದರು.

"ಮಾದೇವಿ... ಲೇ ಮಾದೇವಮ್ಮ, ಇದ್ದೀಯೇನವ್ವ?"

ನನ್ನ ಹೆಸರು ಹಿಡಿದು ಕೂಗುತ್ತಿದ್ದುದು ನಮ್ಮ ಮೇಷ್ಟ್ರ ಧ್ವನಿ. ನನ್ನನ್ನು ಮುಂದಿನ ಬೆಂಚಿನಲ್ಲಿ ಕೂರಿಸಿ ಮಗ್ಗಿ ಹೇಳಿಸುತ್ತಿದ್ದ ಮೇಷ್ಟ್ರು, ಶಾಲೆಯಿಂದ ಇಷ್ಟು ದೂರ ಬಿಸಿಲಲ್ಲಿ ನಡೆದು ಬಂದಿದ್ದರು. ಬಾಗಿಲ ಕೆಳಗಿನ ಸಂದಿಯಲ್ಲಿ ಅವರ ಕಾಲು ಕಾಣುತ್ತಿತ್ತು. ಆ ಪಾದದ ಪಕ್ಕದಲ್ಲೇ ನನ್ನ ಮತ್ತು ಗೌರಿಯ ಚಪ್ಪಲಿಗಳಿದ್ದವು. ಗೌರಿ ನನ್ನ ಮುಖ ನೋಡಿದಳು, ಆಮೇಲೆ ಬಾಗಿಲ ಕಡೆ ನೋಡಿದಳು. ಅವಳ ತುಟಿಗಳು ಬಿಚ್ಚಿಕೊಂಡವು. ಎಷ್ಟೋ ದಿನಗಳ ಮೇಲೆ ಅವಳಿಗೆ ಏನೋ ಹೇಳಬೇಕೆನಿಸಿತ್ತು. ನಾನು ಅಂಗೈಯನ್ನು ಅವಳ ಬಾಯಿಗೆ ಒತ್ತಿ ಹಿಡಿದೆ. ನನಗೂ ಓ ಎನ್ನಬೇಕೆಂದು ಎಷ್ಟು ಆಸೆಯಾಯಿತೆಂದರೆ ಇನ್ನೊಂದು ಕೈಯಿಂದ ನನ್ನ ಬಾಯಿಯನ್ನೂ ಮುಚ್ಚಿಕೊಂಡೆ. ಮೇಷ್ಟ್ರು ಮೂರು ಸಲ ಕೂಗಿದರು. "ಎಲ್ಲೋ ಗುಳೆ ಓಗ್ಬುಟ್ರೋ ಏನೋ," ಎಂದು ಯಾರಿಗೋ ಹೇಳಿಕೊಂಡಂತೆ ಹೇಳಿ ಹೊರಟರು. ಸಂದಿಯಲ್ಲಿ ಅವರ ಹಿಮ್ಮಡಿ ಕಾಣಿಸಿತು, ಆಮೇಲೆ ಬರೀ ಚಪ್ಪಲಿಗಳು.

ಅವರು ಹೋದ ಮೇಲೆ ಕೈ ತೆಗೆದೆ. ಗೌರಿಯ ಕೆನ್ನೆಯ ಮೇಲೆ ನನ್ನ ಬೆರಳಿನ ಇದ್ದಲ ಗುರುತು ಮೂಡಿತ್ತು. ಅಂದಿನಿಂದ ಮುಂದೆ ಎರಡೂವರೆ ವರ್ಷ ಅವಳು ಒಂದು ಮಾತೂ ಆಡಲಿಲ್ಲ.

ಶಿವರಾತ್ರಿಯ ಹೊತ್ತಿಗೆ ಅರಿಶಿನದ ಕೆಲಸ ಮುಗಿಯಿತು. ಅವ್ವನ ಕೈ, ಸೆರಗು, ತಾಳಿಯ ದಾರದಲ್ಲಿದ್ದ ಬೀಗದ ಕೈ, ಎಲ್ಲ ಹಳದಿಯಾಗಿದ್ದವು. ಬೋನಿಗೆ ಚಿರತೆ ಬೀಳಲೇ ಇಲ್ಲ. ಲಾರಿ ತಂದು ಬೋನನ್ನು ಬೇರೆ ಊರಿಗೆ ಒಯ್ದರು, ಮೇಕೆಯನ್ನು ವಾಚರಣ್ಣ ಮನೆಗೆ ಹೊಡೆದುಕೊಂಡು ಹೋದ. ಗೌರಿ ಅಂಗನವಾಡಿಗೆ ಸೇರಿದಳು, ನಾನು ಶಾಲೆಗೆ ಹೋದೆ. ನೋಡಿದವರಿಗೆ ಎಲ್ಲ ಸರಿಹೋಗಿತ್ತು.

ಗೌರಿ ಮೂಗಿ ಎಂದು ಊರಿನಲ್ಲಿ ಮಾತಾಯಿತು. ಅವ್ವ ಅವಳನ್ನು ಕೊಳ್ಳೇಗಾಲದ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು, ನಾನೂ ಜೊತೆಗಿದ್ದೆ. ಅವರು ಗೌರಿಯ ಬೆನ್ನ ಹಿಂದೆ ನಿಂತು ಚಪ್ಪಾಳೆ ತಟ್ಟಿದರು, ಅವಳು ಬೆಚ್ಚಿ ತಿರುಗಿದಳು. "ಕಿವಿ ಚೆನ್ನಾಗಿದೆಯಮ್ಮ. ಮಗು ಏನಾದ್ರೂ ಹೆದರಿಕೊಂಡಿತ್ತಾ?" ಎಂದು ಕೇಳಿದರು.

"ಇಲ್ಲ ಸಾ, ಇವ್ಳು ಮನ್ಯಾಗೇ ಇದ್ದವ್ಳು. ಎದ್ರುಕೊಳ್ಳಾಕ ಏನದ?" ಎಂದಳು ಅವ್ವ.

ನಾನು ನನ್ನ ಅಂಗೈಯನ್ನು ಲಂಗದ ಮಡಿಕೆಯೊಳಗೆ ಬಚ್ಚಿಟ್ಟುಕೊಂಡೆ. ಆ ಕೈಯ ವಿಷಯ ಯಾರಿಗೂ ಹೇಳಲಿಲ್ಲ. ಇವತ್ತಿನವರೆಗೂ ಹೇಳಿಲ್ಲ.

ಅವ್ವ ಮಾದಪ್ಪನಿಗೆ ಹರಕೆ ಹೊತ್ತಳು. ಬೆಟ್ಟಕ್ಕೆ ಹೊರಟ ದಿನ ಹನೂರಿನಲ್ಲಿ ಬಸ್ಸು ನಿಂತಾಗ ಕಡ್ಲೆಕಾಯಿ ತರಲು ನಾನು ಕೆಳಗಿಳಿದೆ. ಬಸ್ಸು ಹೊರಟುಬಿಟ್ಟಿತು. ಕಿಟಕಿಯಲ್ಲಿದ್ದ ಗೌರಿಯ ಬಾಯಿಂದ "ಅಕ್ಕಾ!" ಎಂಬ ಕೂಗು ಬಂತು. ಇಡೀ ಬಸ್‌ಸ್ಟ್ಯಾಂಡು ತಿರುಗಿ ನೋಡುವಂಥ ಕೂಗು. ಡ್ರೈವರು ಬ್ರೇಕು ಹಾಕಿದ. ಅವ್ವ ಅಲ್ಲೇ ಬೆಟ್ಟದ ದಿಕ್ಕಿಗೆ ಕೈಮುಗಿದು ಅತ್ತಳು. ನಾನು ಕಡ್ಲೆಕಾಯಿ ಚೆಲ್ಲಿಕೊಂಡು ಓಡಿಬಂದು ಬಸ್ಸು ಹತ್ತಿದೆ, ಗೌರಿಯನ್ನು ಅಪ್ಪಿಕೊಂಡು ನಾನೂ ಅತ್ತೆ. ಅವತ್ತು ಪಾಪ ಕಳೆಯಿತು ಎಂದುಕೊಂಡಿದ್ದೆ.

ಎಲ್ಲಿ ಕಳೆಯಿತು? ಗೌರಿ ಬಯಲಿನಲ್ಲಿ ಮಾತಾಡಿದಳು, ಸಂತೆಯಲ್ಲಿ ಮಾತಾಡಿದಳು. ನಾಲ್ಕು ಗೋಡೆಯೊಳಗೆ ಕೂರಿಸಿ ಓದು ಎಂದರೆ ತುಟಿ ಹೊಲಿದುಕೊಳ್ಳುತ್ತಿದ್ದಳು. ಸ್ಲೇಟಿನ ಮೇಲೆ ಸರಿಯಾಗಿ ಬರೆಯುವಳು, ಎದ್ದು ನಿಂತು ಹೇಳು ಎಂದರೆ ಹೇಳಳು. ಮೊಂಡು ಎಂದು ಏಟು ತಿಂದಳು, ದಡ್ಡಿ ಎಂದು ಹಿಂದಿನ ಬೆಂಚಿಗೆ ಹೋದಳು. ಹತ್ತನೇ ಕ್ಲಾಸನ್ನು ಎರಡನೇ ಸಲಕ್ಕೆ ದಾಟಿ, ಈಗ ಕೊಳ್ಳೇಗಾಲದಲ್ಲಿ ಒಂದು ಪವರ್‌ಲೂಮ್ ಶೆಡ್ಡಿನಲ್ಲಿ ರೇಷ್ಮೆ ಸೀರೆ ನೇಯುತ್ತಾಳೆ. ಮಗ್ಗಗಳ ಸದ್ದಿಗೆ ಅಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ. "ಅದ್ಕೇ ನಂಗ ಇಷ್ಟ ಕನಕ್ಕ, ಯಾರೂ ಏನೂ ಕೇಳಲ್ಲ," ಎನ್ನುತ್ತಾಳೆ.

ನನ್ನ ಕಥೆ ಬೇರೆಯಾಯಿತು. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು ಉತ್ತರಾಯಣ ಎಂದರೇನು ಎಂದು ಕೇಳಿದಾಗ ಕೈ ಎತ್ತಿದವಳು ನಾನೊಬ್ಬಳೇ. "ಬಿಸಿಲು ನೆಲದ ಮೇಲೆ ಗುಡಾಣದ ಕಡೆ ಸರಿದು ಸರಿದು, ಸಂಕ್ರಾಂತಿಗೆ ಮುಂಚೆ ನಿಂತು, ವಾಪಸ್ ಬರುತ್ತೆ ಸಾ," ಎಂದೆ. ಕ್ಲಾಸೆಲ್ಲ ನಕ್ಕಿತು, ಮೇಷ್ಟ್ರು ನಗಲಿಲ್ಲ. ನಿನಗೆ ಯಾರು ಹೇಳಿಕೊಟ್ಟರು ಎಂದು ಕೇಳಿದರು. ಇದ್ದಲಿನ ಗೆರೆಗಳು ಹೇಳಿಕೊಟ್ಟವು ಎಂದು ಹೇಗೆ ಹೇಳಲಿ? ಆ ಪಾಠವೊಂದನ್ನು ಬಿಟ್ಟರೆ ಆ ಕೋಣೆ ನನಗೆ ಕಲಿಸಿದ್ದೆಲ್ಲ ಬೇಡದ್ದೇ. ಪರೀಕ್ಷೆಯಲ್ಲಿ ಬಾಗಿಲು ಮುಚ್ಚಿದರೆ ಓದಿದ್ದು ಮರೆಯುತ್ತಿತ್ತು. ಮೊದಲ ಕೂಗಿಗೆ ಇವತ್ತಿಗೂ ಓಗೊಡುವುದಿಲ್ಲ. ನನ್ನ ಗಂಡ ಇದನ್ನು ಕೊಬ್ಬು ಎಂದು ತಮಾಷೆ ಮಾಡುತ್ತಾರೆ.

ಹೋದ ವರ್ಷ ಯಳಂದೂರಿನಲ್ಲಿ ನಮಗೊಂದು ತರಬೇತಿ ಇತ್ತು. ಪರದೆಯ ಮೇಲೆ ಮಗುವಿನ ಮಿದುಳಿನ ಚಿತ್ರ ತೋರಿಸಿ, ಮಾತು ಕಲಿಯುವ ವಯಸ್ಸಿನಲ್ಲಿ ಮಗು ಹೊರಡಿಸುವ ಪ್ರತಿ ಸದ್ದಿಗೂ ಯಾರಾದರೂ ಮರುಸದ್ದು ಕೊಡಬೇಕು, ಆಗಲೇ ಅದು ಬೆಳೆಯುತ್ತದೆ ಎಂದರು. ನಾನು ಎದ್ದು ಹೊರಗೆ ಹೋಗಿ ಮುಖ ತೊಳೆದುಕೊಂಡೆ. ಟೀ ಕುಡಿಯುವಾಗ ಒಬ್ಬರು, ಕಷ್ಟಪಟ್ಟು ಬಂದವರೇ ಗಟ್ಟಿಯಾಗುವುದು, ನಮ್ಮ ಮಾದೇವಿ ಮೇಡಂ ಅವರನ್ನೇ ನೋಡಿ ಎಂದರು. ನನ್ನನ್ನು ನೋಡುವುದಾದರೆ ನೋಡಿಕೊಳ್ಳಿ. ಅದೇ ಕೋಣೆಯಲ್ಲಿ ಇನ್ನೊಬ್ಬಳೂ ಇದ್ದಳಲ್ಲ, ಅವಳನ್ನು ನೋಡುವವರು ಯಾರು ಎಂದು ಕೇಳಬೇಕೆನಿಸಿತು. ಬಿಸ್ಕತ್ತು ತಿಂದೆ.

ಅವ್ವನನ್ನು ಒಂದೇ ಒಂದು ಸಲ ಕೇಳಿದ್ದೆ, ಬೀಗ ಯಾಕೆ ಹಾಕುತ್ತಿದ್ದೆ ಎಂದು. ಅವಳು ರಾಗಿ ಕೇರುತ್ತಿದ್ದಳು. ಮೊರ ಕೆಳಗಿಡದೆ, "ಇನ್ನೇನ್ ಮಾಡ್ಬೇಕಾಗಿತ್ತು ನಾನು? ನೀನೇ ಯೋಳು," ಎಂದಳು.

ಸಿಂಚನಳ ಮನೆಯ ಜಗಲಿಯ ಮೇಲೆ ಬಿಸಿಲು ಏರುತ್ತಿತ್ತು. ಒಳಗೆ ಉಸಿರಿನ ಸದ್ದೂ ಇಲ್ಲ. ಆ ಮೌನ ಖಾಲಿ ಮನೆಯದಲ್ಲ, ನನಗೆ ಗೊತ್ತು. ಆದರೆ ಏನು ಮಾಡುವುದು? ಹೆಸರು ಹಿಡಿದು ಕೂಗಿದರೆ ಆ ಹುಡುಗಿ ಇನ್ನಷ್ಟು ಹೆದರುತ್ತಾಳೆ. ಬೀಗ ಒಡೆದರೆ ತಾಯಿಗೆ ನಾಳೆಯಿಂದ ಬೇರೆ ದಾರಿ ಯಾವುದು ಎಂದು ನಾನು ಹೇಳಬೇಕು. ನನ್ನ ಕೈ ತಾನಾಗಿ ಫೋನಿಗೆ ಹೋಯಿತು. ಗೌರಿ ಎತ್ತಿದಳು. ಹಿಂದೆ ಮಗ್ಗಗಳು ಬಡಿಯುತ್ತಿದ್ದವು.

"ಗೌರಿ, ಇಲ್ಲೊಂದು ಮನೆ. ಹೊರಗಿಂದ ಬೀಗ ಹಾಕವ್ರೆ. ಒಳಗೆ ಎರಡು ಮಕ್ಕಳವೆ, ಮೂರನೇ ಕ್ಲಾಸ್ ಹುಡುಗಿ, ಒಂದು ಸಣ್ಣ ಮಗು. ಸದ್ದೇ ಮಾಡ್ತಿಲ್ಲ. ನಂಗೆ ಏನು ಮಾಡೋದಂತ ಗೊತ್ತಾಗ್ತಿಲ್ಲ ಕಣೆ."

ಮಗ್ಗದ ಸದ್ದು ದೂರವಾಯಿತು. ಅವಳು ಶೆಡ್ಡಿನಿಂದ ಹೊರಗೆ ಬಂದಿರಬೇಕು.

"ಆ ಮೇಷ್ಟ್ರಂಗ ಎದ್ದು ಓಗ್ಬುಡ್ಬ್ಯಾಡ ಕನಕ್ಕ," ಎಂದಳು.

ಮೇಷ್ಟ್ರು ಬಂದಿದ್ದನ್ನು ನಾನು ಅವ್ವನಿಗೂ ಹೇಳಿರಲಿಲ್ಲ. "ನಿಂಗೆ ಗ್ಯಾನ ಅದಾ?"

"ಅವ್ರ ಕಾಲು ಗ್ಯಾನ ಅದ. ನಿನ್ ಕೈ ಗ್ಯಾನ ಅದ," ಎಂದಳು. "ನಿನ್ ಕೈಯೂ ನಡುಗ್ತಿತ್ತು ಕನಕ್ಕ. ಮದ್ಲು ಓಗು, ಆ ಮಕ್ಳ ತಾವ ಮಾತಾಡು," ಎಂದು ಫೋನು ಇಟ್ಟಳು.

ಸೆರಗಿನಿಂದ ಮುಖ ಒರೆಸಿಕೊಂಡೆ. ಆಮೇಲೆ ನನ್ನ ಚಪ್ಪಲಿ ಬಿಟ್ಟು ಆ ಎರಡು ಜೊತೆಯ ಪಕ್ಕದಲ್ಲಿಟ್ಟು, ಬಾಗಿಲಿಗೆ ಒರಗಿ ಕೂತೆ. "ಸಿಂಚನ, ನಾನು ನಿಮ್ ಟೀಚರ್ರು. ನೀನು ಓ ಅನ್ಬ್ಯಾಡ, ಅವ್ವ ಬ್ಯಾಡ ಅಂದವ್ಳೆ ಅಂತ ನಂಗೆ ಗೊತ್ತು. ಅವ್ವ ಬರೋಗಂಟ ನಾನು ಇಲ್ಲೇ ಕುಂತಿರ್ತೀನಿ. ಅವ್ಳಿಗೆ ಬಯ್ಯಲ್ಲ. ನಾಳೆಯಿಂದ ನೀನು ಸ್ಕೂಲಿಗೆ ಬರ್ಬೇಕಾದ್ರೆ ತಮ್ಮನ್ನೂ ಕರ್ಕೊಂಡು ಬಾ, ನನ್ ಕ್ಲಾಸಲ್ಲೇ ಕುಂತ್ಕೊಳ್ಳಿ, ಯಾರ್ ಏನಂತಾರೋ ನಾನ್ ನೋಡ್ತೀನಿ," ಎಂದೆ. ಒಳಗೆ ಏನೂ ಅಲುಗಲಿಲ್ಲ. ನಾನು ಮಾತು ನಿಲ್ಲಿಸಲಿಲ್ಲ. ನಮ್ಮ ಗಾಜಿನ ಹೆಂಚಿನ ಬಗ್ಗೆ ಹೇಳಿದೆ, ಬಿಸಿಲಿನ ಗೆರೆಗಳ ಬಗ್ಗೆ ಹೇಳಿದೆ, ಬೋನಿನ ಮೇಕೆಯ ಬಗ್ಗೆ ಹೇಳಿದೆ. ಮೇಕೆ ಹೇಗೆ ಕೂಗುತ್ತಿತ್ತು ಎಂದು ಕೂಗಿಯೂ ತೋರಿಸಿದೆ. ದಾರಿಯಲ್ಲಿ ಹೋಗುತ್ತಿದ್ದ ಮುದುಕರೊಬ್ಬರು ನಿಂತು ನನ್ನನ್ನು ನೋಡಿ ಮುಂದೆ ಹೋದರು.

ಆಗ ಬಾಗಿಲಿನ ಆಚೆ, ನನ್ನ ಬೆನ್ನಿಗೆ ತೀರಾ ಹತ್ತಿರ, ಒಂದು ಪುಟ್ಟ ನಗು ಹುಟ್ಟಿತು. ಹುಟ್ಟಿದ್ದೇ ತಡ, ಅರ್ಧಕ್ಕೆ ನಿಂತುಹೋಯಿತು. ಯಾಕೆ ನಿಂತಿತು ಎಂದು ನನ್ನ ಅಂಗೈಗೆ ಗೊತ್ತಿತ್ತು.

"ಕೈ ತಗಿ ಸಿಂಚು," ಎಂದೆ. "ನಗ್ಲಿ ಬುಡು ಅವ್ನು."